ಹೀಟರ್ ಆಫ್ ಆಗದೆ ರೀಫ್ ಟ್ಯಾಂಕ್ 31.4 ಡಿಗ್ರಿ! ಈಗೇನ್ ಮಾಡ್ಲಿ?

ವಿಜಯನಗರ_ರೀಫ್, ಬೆಂಗಳೂರು · ಭಾನುವಾರ ಬೆಳಿಗ್ಗೆ 7:10

ಗೊತ್ತಿರೋರು ದಯವಿಟ್ಟು ಬೇಗ ಹೇಳಿ.

ಮೀನು, ಹವಳ ಇರೋ ಮೂರಡಿ ಉಪ್ಪುನೀರಿನ ಟ್ಯಾಂಕು, ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 200 ಲೀಟರ್. ಸಂಪ್‌ನಲ್ಲಿ ಒಂದೇ ಒಂದು 300 ವ್ಯಾಟಿನ ಗಾಜಿನ ಹೀಟರ್, 26ಕ್ಕೆ ಸೆಟ್ ಮಾಡಿದ್ದು. ರಾತ್ರಿ ಮಲಗೋವಾಗ 25.8 ಇತ್ತು. ನಡುರಾತ್ರಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡ್ತು. ಬೆಳಿಗ್ಗೆ ಎದ್ದು ನೋಡಿದ್ರೆ 31.4. ಹೀಟರಿನ ಕೆಂಪು ದೀಪ ಇನ್ನೂ ಉರೀತಾನೇ ಇತ್ತು. ಡಯಲನ್ನ ಪೂರ್ತಿ ಕೆಳಗಿಳಿಸಿದ್ರೂ ಆರಲಿಲ್ಲ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿದೀನಿ.

ಕ್ಲೌನ್ ಮೀನಿನ ಜೋಡಿ ಮೇಲೆ ಬಂದು ಬಾಯಿ ಬಡೀತಿವೆ. ಕ್ಲೀನರ್ ಸೀಗಡಿ, ಸಂಪಿಂದ ನೀರು ವಾಪಸ್ ತರೋ ರಿಟರ್ನ್ ಪೈಪಿನ ಬಾಯಿಗೇ ಅಂಟ್ಕೊಂಡು ಕೂತಿದೆ. ಲೆದರ್ ಕೋರಲ್ (ಮೆತ್ತನೆ ಹವಳ) ಬಿಸಿಲಿಗಿಟ್ಟ ಅಣಬೆ ಥರ ಮುದುಡಿಕೊಂಡಿದೆ, ಜೋವಾಗಳು (ಹವಳದ ಬಳಗದ ಹೂವಿನಂಥ ಸಣ್ಣ ಜೀವಿಗಳು) ಪೂರ್ತಿ ಮುಚ್ಚಿವೆ, ಮೇಲೆ ಬಿಳಿ ಲೋಳೆ. ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಕಪ್ ತುಂಬಿ ಹರೀತಿದೆ. (ಕಲ್ಲು ಹವಳ ನಾನು ಇಟ್ಟಿಲ್ಲ. ಅವು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಆ ಚರ್ಚೆ ಇಲ್ಲಿ ಶುರು ಮಾಡ್ಬೇಡಿ.)

ನಮ್ಮೆಜಮಾನ್ರು ಐಸ್ ಟ್ರೇ ಹಿಡ್ಕೊಂಡು ಪಕ್ಕದಲ್ಲೇ ನಿಂತಿದಾರೆ. ಹಾಕಬಹುದಾ? ಇನ್ನೊಂದು ಚಿಂತೆ ರಾತ್ರಿದು. ಜನವರಿ ಚಳಿ, ಹಾಲ್‌ನಲ್ಲಿ 20-21 ಇರುತ್ತೆ, ಅಂಗಡಿ ಇವತ್ತು ರಜೆ. ಇದೇ ಹೀಟರನ್ನ ನಾನೇ ಒಂದೊಂದು ಗಂಟೆ ಹಾಕಿ ಆಫ್ ಮಾಡ್ತಾ ಇರಬಹುದಾ?

ಅಲೆಮನೆ, ಮೈಸೂರು · 7:32

ಮೇಡಂ, ಐಸ್ ಟ್ರೇ ವಾಪಸ್ ಫ್ರಿಜ್ಜಿಗೆ ಕಳಿಸಿ. ನಲ್ಲಿ ನೀರಿನ ಐಸು ಕರಗಿದ್ರೆ ಕ್ಲೋರಿನ್ ಬೇರೆ ಸೇರುತ್ತೆ, ಉಪ್ಪಿನಂಶವೂ ಇಳಿಯುತ್ತೆ. ಬಿಸಿಗೆ ಬಳಲಿರೋ ಜೀವಕ್ಕೆ ಮೇಲೊಂದು ಏಟು ಬೇಡ.

ಮೊದಲು ಉಸಿರಿನ ವಿಷಯ. ಮೀನು ಬಾಯಿ ಬಡೀತಿರೋದು ಆಮ್ಲಜನಕ ಸಾಲದೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೂಕಮ್ಮಿ 6.7 ಮಿಲಿಗ್ರಾಂ ಹಿಡ್ಕೊಳುತ್ತೆ, 31ಕ್ಕೆ ಅದು 6ರ ಹತ್ತಿರ ಬರುತ್ತೆ. ಇಳಿಕೆ ಸಣ್ಣದು ಅನಿಸಬಹುದು, ಆದ್ರೆ ಅದೇ ಬಿಸಿಗೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾಗೋ ಆಮ್ಲಜನಕ ಜಾಸ್ತಿ ಆಗಿರುತ್ತೆ. ವೇವ್‌ಮೇಕರನ್ನ ಮೇಲ್ಮುಖ ಮಾಡಿ, ನೀರಿನ ಮೇಲ್ಭಾಗ ಕಲಕ್ತಾ ಇರಲಿ. ಸ್ಕಿಮ್ಮರ್ ನಿಲ್ಲಿಸಬೇಡಿ, ಕಪ್ ಖಾಲಿ ಮಾಡ್ತಾ ಇರಿ. ಇವತ್ತು ಊಟ ಹಾಕಬೇಡಿ.

ಲೈಟ್ ಇಡೀ ದಿನ ಆಫ್. ಹವಳದ ಮೈಯೊಳಗೆ ಪಾಚಿ ಇರುತ್ತಲ್ಲ, ಬಿಸಿ ಇರೋವಾಗ ಬೆಳಕೂ ಬಿದ್ರೆ ಅದು ಹವಳಕ್ಕೇ ವಿಷ ಆಗುತ್ತೆ. ಆಗ ಹವಳ ಅದನ್ನ ಹೊರಗೆ ಹಾಕಿ ಬೆಳ್ಳಗಾಗೋದು.

ತಣ್ಣಗೆ ಮಾಡೋಕೆ ಮುಚ್ಚಳ ತೆಗೆದು, ಟೇಬಲ್ ಫ್ಯಾನನ್ನ ಸಂಪ್ ನೀರಿನ ಮೇಲೆ ಗಾಳಿ ಆಡೋ ಹಾಗೆ ಇಡಿ. ಆವಿಯಾದಷ್ಟು ಆರ್‌ಓ ನೀರು ತುಂಬಿಸ್ತಾ ಇರಿ, ಇಲ್ಲಾಂದ್ರೆ ಉಪ್ಪು ಏರುತ್ತೆ. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಯೋದು ಬೇಡ. ಬದಲಾಯಿಸೋಕೆ ಉಪ್ಪುನೀರು ಕಲಸಿಟ್ಟಿದ್ರೆ 20 ಲೀಟರ್ ಹಾಕಿ. ಅದು 21-22ರಲ್ಲಿ ಇದ್ರೆ ಅಷ್ಟರಿಂದಲೇ ಸುಮಾರು ಒಂದು ಡಿಗ್ರಿ ಇಳಿಯುತ್ತೆ, ಲೋಳೆಯೂ ಸ್ವಲ್ಪ ಹೋಗುತ್ತೆ. ನೀರಿನ ಕೊಳೆ ಹೀರೋ ಹೊಸ ಕಾರ್ಬನ್ ಇದ್ರೆ ಅದನ್ನೂ ಹಾಕಿ.

ಜೋವಾ ಸತ್ತು ಕೊಳೆಯೋ ಹಾಗೆ ಕಂಡ್ರೆ ಬರಿಗೈಲಿ ಉಜ್ಜಬೇಡಿ, ಅದು ಅಂಟಿರೋ ಕಲ್ಲಿಗೆ ಬಿಸಿನೀರಂತೂ ಸುರೀಲೇಬೇಡಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರುತ್ತೆ, ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಗ್ಲೌಸ್ ಹಾಕ್ಕೊಳ್ಳಿ.

ರಾತ್ರಿ ಚಿಂತೆ ಬಿಡಿ. ಪಂಪುಗಳ ಬಿಸಿಯೂ ಸ್ವಲ್ಪ ಇರುತ್ತೆ. ಮಲಗೋವಾಗ 26 ಇದ್ರೆ ಬೆಳಿಗ್ಗೆಗೆ 24ರ ಆಸುಪಾಸು. ಟ್ಯಾಂಕಿನ ಮೂರು ಬದಿಗೆ ಕಂಬಳಿ ಸುತ್ತಿ, ಮೇಲೆ ಮಾತ್ರ ತೆರೆದಿಡಿ. ನಿಧಾನಕ್ಕೆ 23ಕ್ಕೆ ಇಳಿದ್ರೂ ನಿಮ್ಮ ಟ್ಯಾಂಕಲ್ಲಿ ಸಾಯೋ ಜೀವ ಇಲ್ಲ. 33ಕ್ಕೆ ಏರಿದ್ರೆ ಉಳಿಯೋ ಜೀವ ಕಮ್ಮಿ.

ವೈಂಡಿಂಗ್_ಅಣ್ಣ, ಹುಬ್ಬಳ್ಳಿ · 8:05

ಅಕ್ಕಾರ, ನಂದು ಮೋಟರ್ ವೈಂಡಿಂಗ್ ಅಂಗಡಿ. ಮೀನಿಂದು ಮೈಸೂರಿನವ್ರು ಹೇಳ್ಯಾರ, ಕರೆಂಟಿಂದು ನಾ ಹೇಳ್ತೀನಿ.

ಆ ಹೀಟರ್ ತಾಸಿಗೊಮ್ಮೆ ಹಚ್ಚಿ ತೆಗ್ಯೂದು ಅಂದ್ರಲ್ಲ, ಬ್ಯಾಡ್ರಿ. ಅದರ ಕತಿ ಮುಗೀತು. ಅದರೊಳಗ ಎರಡು ಲೋಹ ಬೆಸೆದ ಒಂದು ಪಟ್ಟಿ ಇರ್ತೈತಿ. ಬಿಸಿ ಆದ್ರ ಬಾಗಿ ಕಾಂಟ್ಯಾಕ್ಟ್ ಬಿಡ್ತೈತಿ, ತಣ್ಣಗಾದ್ರ ಮತ್ತ ಕೂಡ್ತೈತಿ. ಕೂಡೂ ಮುಂದ, ಬಿಡೂ ಮುಂದ ಸಣ್ಣದೊಂದು ಕಿಡಿ. ಕಿಡಿ ಹಾರಿ ಹಾರಿ ಕಡೀಕ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡ ಬಿಡ್ತಾವು. ನಿಮ್ಮ ಕರೆಂಟು ರಾತ್ರಿ ಹೋಗಿ ಬಂದಿದ್ದು ಕಡೀ ಏಟು ಇರಬೇಕು. ಡಿಜಿಟಲ್ ತೊಗೊಂಡ್ರ ಹಿಂಗ ಆಗೂದಿಲ್ಲ ಅಂತ ಅಂಗಡ್ಯಾಗ ಹೇಳ್ತಾರ, ನಂಬಬ್ಯಾಡ್ರಿ. ಅದರಾಗ ಸ್ವಿಚ್ಚಿನ ಕೆಲಸಕ್ಕ ರಿಲೇ ಇಲ್ಲಾ ಟ್ರಯಾಕ್ ಇರ್ತೈತಿ. ರಿಲೇನೂ ಅಂಟ್ಕೋತೈತಿ, ಟ್ರಯಾಕ್ ಸುಟ್ಟರ ಬಹಳ ಸಲ ಶಾರ್ಟ್ ಆಗೇ ಸುಡ್ತೈತಿ. ಅಂದ್ರ ಆಗಲೂ ಹೀಟರ್ ಉರೀತನ ಇರ್ತೈತಿ.

ಈಗ ಲೆಕ್ಕ ನೋಡ್ರಿ. 200 ಲೀಟರ್ ನೀರು ಒಂದು ಡಿಗ್ರಿ ಏರಾಕ ಸುಮಾರು 230 ವ್ಯಾಟ್-ತಾಸು ಬೇಕು. 300 ವ್ಯಾಟ್ ಅಂಟಿಕೊಂಡ್ರ ತಾಸಿಗೆ 1.3 ಡಿಗ್ರಿ, ಕೋಣಿಗೆ ಬಿಟ್ಟುಕೊಡೂದು ಕಳೆದ್ರೂ ರಾತ್ರಿ ಕಳಿಯೂದ್ರಾಗ ಐದಾರು ಡಿಗ್ರಿ. ನಿಮ್ದು ಅಷ್ಟ ಆಗೇತಿ ನೋಡ್ರಿ. ಅದರ ಬದಲಿ 100 ವ್ಯಾಟಿನವು ಎರಡು ಹಾಕ್ರಿ. ಒಂದು ಅಂಟಿಕೊಂಡ್ರ ತಾಸಿಗೆ ಅರ್ಧ ಡಿಗ್ರಿನೂ ಏರೂದಿಲ್ಲ, ಒಂದೆರಡು ಡಿಗ್ರಿಗೆ ನಿಂತ ಬಿಡ್ತೈತಿ. ಒಂದು ಸತ್ತರ ಇನ್ನೊಂದು ರಾತ್ರಿ ಕಳೀತೈತಿ.

ಎರಡಕ್ಕೂ ಸೇರಿಸಿ ಹೊರಗೊಂದು ಟೆಂಪರೇಚರ್ ಕಂಟ್ರೋಲರ್ ಹಾಕ್ರಿ, ಇಂಕ್‌ಬರ್ಡ್ ಅಂತಾದ್ದು. ಕಂಟ್ರೋಲರ್ 25.5ಕ್ಕ, ಹೀಟರಿನ ಡಯಲ್ 27ಕ್ಕ. ದಿನದ ಕೆಲಸ ಕಂಟ್ರೋಲರಿಂದು. ಅದರ ರಿಲೇ ಅಂಟಿಕೊಂಡ್ರ ಹೀಟರಿನ ಸ್ವಂತ ಪಟ್ಟಿ 27ಕ್ಕ ಕಡೀತೈತಿ. ಎರಡೂ ಒಂದ ರಾತ್ರಿ ಕೆಡಬೇಕಂದ್ರ ನಿಮ್ಮ ನಸೀಬ ಬಹಳ ಕೆಟ್ಟಿರಬೇಕು.

ಮತ್ತ, ಆ ಸಾಲಿಗೆ ಕರೆಂಟು ಸೋರಿದ್ರ ತಾನ ಕಡಿಯೂ 30 ಮಿಲಿಆಂಪಿನ ಆರ್‌ಸಿಸಿಬಿ ಐತೇನು ನೋಡ್ಕೋರಿ. ಗಾಜು ಸೀಳಿದ್ರ ಉಪ್ಪುನೀರು ಪೂರಾ ತಂತಿ ಇದ್ದಂಗ. ಎಲ್ಲಾ ಪ್ಲಗ್ ತೆಗದ ಮ್ಯಾಲ ಕೈ ಹಾಕ್ರಿ.

ವಿಜಯನಗರ_ರೀಫ್ · 11:45

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ 27.9. ಫ್ಯಾನ್ ಓಡ್ತಿದೆ, ಆರ್‌ಓ ಎರಡು ಲೀಟರ್ ಕುಡೀತು. 20 ಲೀಟರ್ ಬದಲಾಯಿಸಿದೆ. ಕ್ಲೌನ್‌ಗಳು ಕೆಳಗಿಳಿದು ಒಂದನ್ನೊಂದು ಅಟ್ಟಿಸ್ಕೊಂಡು ಹೋಗ್ತಿವೆ, ಅಂದ್ರೆ ಪರವಾಗಿಲ್ಲ. ಸೀಗಡಿ ಬದುಕಿದೆ. ಲೆದರ್ ಹಾಗೇ ಇದೆ. ಅಮೋನಿಯಾ (ಕೊಳೆತದ್ದರಿಂದ ಬರೋ ವಿಷ) ಟೆಸ್ಟಲ್ಲಿ 0.25 ತೋರಿಸ್ತಿದೆ. ಎರಡು ಟರ್ಬೋ ಬಸವನಹುಳ ಹೋಗಿದ್ವು, ವಾಸನೆ ಬರೋಕೆ ಮುಂಚೆ ತೆಗೆದೆ.

ನೇತ್ರಾಣಿ_ನೀರು, ಮುರ್ಡೇಶ್ವರ · 12:20

ಒಂದು ಅನುಮಾನ. ನಮ್ಮ ಕಡಲಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರು 30 ದಾಟ್ತದೆ. ಇಲ್ಲಿನ ನೇತ್ರಾಣಿ ದ್ವೀಪದ ಹವಳ ಬದುಕೇ ಇದೆಯಲ್ಲ ಮಾರಾಯ್ರೆ. 31ಕ್ಕೆ ಇಷ್ಟು ಗಾಬರಿ ಯಾಕೆ?

ಅಲೆಮನೆ, ಮೈಸೂರು · 12:50

ಒಳ್ಳೇ ಪ್ರಶ್ನೆ. ಕಡಲು 30ಕ್ಕೆ ಹೋಗೋದು ತಿಂಗಳುಗಟ್ಟಲೆ ಏರಿ ಏರಿ. ಅಲ್ಲಿನ ಹವಳಕ್ಕೆ ಆ ಬೇಸಿಗೆ ಅಭ್ಯಾಸ. ಇಷ್ಟಾದ್ರೂ ಆ ಜಾಗದ ಮಾಮೂಲಿ ಬೇಸಿಗೆಗಿಂತ ಒಂದೇ ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತ್ರೆ ಬೆಳ್ಳಗಾಗೋಕೆ ಶುರು. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಆಗಿದ್ದು ಅದೇ. ಮೇಡಂ ಟ್ಯಾಂಕಿನ ಹವಳ ವರ್ಷವಿಡೀ 26ರಲ್ಲಿ ಇದ್ದದ್ದು, ಒಂದೇ ರಾತ್ರೀಲಿ ಐದೂವರೆ ಡಿಗ್ರಿ ಜಿಗೀತು. ಅಲ್ಲದೆ ಕಡಲಲ್ಲಿ ಅಲೆ ಇದೆ, ಇಲ್ಲಿ 200 ಲೀಟರ್ ಮಾತ್ರ.

ಮೇಡಂ, 0.25ಕ್ಕೆ ಹೆದರಬೇಡಿ, ಸಂಜೆ ಮತ್ತೆ ಟೆಸ್ಟ್ ಮಾಡಿ. ಏರಿದ್ರೆ ಇನ್ನೊಂದು 20 ಲೀಟರ್. ಲೆದರ್ ವಾರಗಟ್ಟಲೆ ಮುದುಡಿಕೊಂಡೇ ಇರಬಹುದು, ಮೇಲಿನ ಮೇಣದಂಥ ಪೊರೆ ಕಳಚಿ ಆಮೇಲೆ ಅರಳುತ್ತೆ. ಮುಟ್ಟಿ ಮುಟ್ಟಿ ನೋಡಬೇಡಿ. ಬುಡ ಕಪ್ಪಾಗಿ ನಾರಿದ್ರೆ ಮಾತ್ರ ತೆಗೀರಿ.

ವಿಜಯನಗರ_ರೀಫ್ · ರಾತ್ರಿ 9:15

26.1. ಅಮೋನಿಯಾ ಏರಿಲ್ಲ. ಕಂಬಳಿ ಸುತ್ತಿದ್ದಾಯ್ತು, ಅತ್ತೆ ನೋಡಿ ನಗ್ತಿದಾರೆ. 100 ವ್ಯಾಟಿಂದು ಎರಡು, ಒಂದು ಕಂಟ್ರೋಲರ್ ಆರ್ಡರ್ ಮಾಡಿದೀನಿ. ಹುಬ್ಬಳ್ಳಿ ಅಣ್ಣಾ, ಕಂಟ್ರೋಲರಿನ ಸೆನ್ಸರ್ ಎಲ್ಲಿ ಇಡ್ಲಿ? ಡಿಸ್‌ಪ್ಲೇ ಟ್ಯಾಂಕಲ್ಲಾ, ಸಂಪಲ್ಲಾ?

ವೈಂಡಿಂಗ್_ಅಣ್ಣ, ಹುಬ್ಬಳ್ಳಿ · 9:40

ಸಂಪಿನಾಗ, ಹೀಟರ್ ಇದ್ದ ಖಾನ್ಯಾಗ ಇಡ್ರಿ. ಮ್ಯಾಲಿನ ಟ್ಯಾಂಕಿನಾಗ ಇಟ್ಟು ರಿಟರ್ನ್ ಪಂಪ್ ನಿಂತ್ರ, ಮ್ಯಾಲ ನೀರು ತಣ್ಣಗಾಗ್ತೈತಿ, ಕೆಳಗ ಹೀಟರ್ ಸಂಪನ್ನ ಕುದಸ್ತೈತಿ. ಸೆನ್ಸರ್ ವೈರ್ ಬರೇ ಇಳಿಬಿಡಬ್ಯಾಡ್ರಿ, ಜಿಪ್ ಟೈ ಹಾಕಿ ಪೈಪಿಗೆ ಬಿಗೀರಿ. ಜಾರಿ ನೀರಿನ ಹೊರಗ ಬಿತ್ತಂದ್ರ ಅದು ನಿಮ್ಮ ಹಾಲಿನ 20 ಡಿಗ್ರಿ ಓದಿ ಹೀಟರ್ ಹಚ್ಚೇ ಇಡ್ತೈತಿ. ಆವಿ ಆಗಿ ನೀರು ಇಳಿದ್ರೂ ಮುಳುಗಿರೂವಷ್ಟು ಕೆಳಗ ಇರ್ಲಿ, ಹೀಟರ್‌ಗಳೂ ಅಷ್ಟ, ಅಡ್ಡ ಮಲಗಿಸ್ರಿ. ಮತ್ತ ಆ ಹಳೀದನ್ನ ಪ್ಲಗ್ ಕಡದು ಎಸೀರಿ, ಇಲ್ಲಂದ್ರ ಮನ್ಯಾಗ ಯಾರರ ಚಲೋ ಐತಿ ಅಂತ ಮತ್ತ ಹಚ್ಚತಾರ.