ನಾಲ್ಕಡಿ ಜಾಗದಲ್ಲಿ ಹಳದಿ ಬಿದಿರು ನೆಡಬಹುದಾ?

ನವನಗರದ ಹಿತ್ತಲು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ನವನಗರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ನಾಲ್ಕಡಿ ಜಾಗ ಇದೆ. ಪಕ್ಕದವರ ಮಹಡಿ ಕಿಟಕಿ ನೇರ ನಮ್ಮ ಬಟ್ಟೆ ಒಣಗಿಸೋ ಜಾಗಕ್ಕೇ ಇದೆ. ಮರೆಗೆ ಹಸಿರು ಪಟ್ಟೆಯ ಹಳದಿ ಬಿದಿರು ನೆಡೋಣ ಅಂತ ಆಸೆ. ಬೇರು ಪಾಯ ಒಡೆಯುತ್ತದೆ, ಹಾವು ಬರುತ್ತವೆ ಅಂತ ಅತ್ತೆಯವರು ಬೇಡ ಅಂತಾರೆ. ನಿಜಾನಾ? ಮುಂದೆ ಅದರ ಗಳ ಚಪ್ಪರಕ್ಕೆ, ಕಳಲೆ ಅಡಿಗೆಗೆ ಆಗುತ್ತದಾ?

ಶಿಗ್ಗಾಂವಿ ಸಸಿಗಾರ:
ಅಕ್ಕಾರೇ, ಆ ಬಿದಿರು ನನಗೆ ಬಹಳ ಇಷ್ಟ. ಅದಕ್ಕೇ ಹೇಳ್ತೀನಿ, ನಾಲ್ಕಡಿಯಲ್ಲಿ ಬೇಡ. ನರ್ಸರಿಯವರು ಅದಕ್ಕೆ ಬಾಂಬುಸಾ ವಲ್ಗ್ಯಾರಿಸ್ ವಿಟ್ಟಾಟಾ ಅಂತಾರೆ. ಗಳ ಮುಂಗೈ ದಪ್ಪ ಆಗುತ್ತದೆ, ಎತ್ತರ ಸಲೀಸಾಗಿ 30 ಅಡಿ ದಾಟುತ್ತದೆ.

ಬೇರಿನ ಭಯ ಅಷ್ಟು ಬೇಡ. ಇದು ಮೆಳೆ ಕಟ್ಟೋ ಜಾತಿ. ನೆಲದೊಳಗೆ ದೂರ ದೂರ ಓಡೋದು ಚೀನಾ, ಜಪಾನ್ ಕಡೆಯ ಬೇರೆ ಬಿದಿರು. ಆದರೆ ಮೆಳೆ ವರ್ಷ ವರ್ಷ ಅಗಲ ಆಗ್ತಾ ಹೋಗುತ್ತದೆ. ಬುಡದ ಗಡ್ಡೆ ಒತ್ತಿದರೆ ತೆಳು ಕಾಂಪೌಂಡ್ ಬಿರುಕು ಬಿಟ್ಟೀತು. ಗೋಡೆಯಿಂದ ಹತ್ತಡಿಯಾದರೂ ದೂರ ಇರಬೇಕು.

ಮಳೆಗಾಲದಲ್ಲಿ ಇದರ ಮೊಳಕೆ ನೋಡಬೇಕು. ಬುಡದಲ್ಲಿ ದಪ್ಪಗೆ ಏಳುತ್ತದೆ, ಮೈತುಂಬ ಕಂದು ಸುಂಕು. ಬರಿಗೈಲಿ ಮುಟ್ಟಬೇಡಿ, ತುರಿಕೆ ಬರುತ್ತದೆ. ಆ ಹೊದಿಕೆ ಕಳಚಿದ ಮೇಲೆ ಒಳಗಿನ ಹಳದಿ ಕಾಣುತ್ತದೆ, ಬ್ರಷ್ ಎಳೆದ ಹಾಗೆ ಹಸಿರು ಪಟ್ಟೆ. ಒಂದು ಗೆಣ್ಣಿನ ಪಟ್ಟೆ ಇನ್ನೊಂದಕ್ಕಿಲ್ಲ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಹೋಗುತ್ತದೆ. ಆಮೇಲೆ ದಪ್ಪ ಆಗೋದಿಲ್ಲ, ಗಟ್ಟಿ ಆಗುತ್ತದೆ ಅಷ್ಟೇ.

ಚಪ್ಪರಕ್ಕೆ ಆಗುತ್ತದೆ, ಆದರೆ ಹಾಗೇ ಹಾಕಿದರೆ ಹುಳ ಹಿಡಿದು ಹಿಟ್ಟು ಉದುರುತ್ತದೆ. ಇದರಲ್ಲಿ ಪಿಷ್ಟ ಜಾಸ್ತಿ. ಮೂರು ವರ್ಷ ಬಲಿತ ಗಳವನ್ನು ಚಳಿಗಾಲದಲ್ಲಿ ಕಡಿದು, ಕೆಲವು ವಾರ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ. ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ಅದ್ದಿದರೆ ಇನ್ನೂ ಒಳ್ಳೆಯದು. ಬುಟ್ಟಿ, ಮೊರಕ್ಕೆ ಮಾತ್ರ ಇದು ಒಗ್ಗೋದಿಲ್ಲ. ಮೇದಾರರಿಗೆ ಬೇಕಾದಂಥ ನೇರ, ಬಗ್ಗೋ ಸೀಳು ಇದರಲ್ಲಿ ಸಿಗೋದು ಕಷ್ಟ. ಕಳಲೆಗೂ ನಮ್ಮ ಹೆಬ್ಬಿದಿರೇ ಸರಿ. ಯಾವ ಕಳಲೆಯಾದರೂ ಹಸಿಯಾಗಿ ತಿನ್ನಬೇಡಿ, ಅದರಲ್ಲಿ ಸಯನೈಡ್ ಬಿಡೋ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿ ಆ ನೀರು ಚೆಲ್ಲಬೇಕು.

ನಿಮ್ಮ ಜಾಗಕ್ಕೆ ಬಾಂಬುಸಾ ಮಲ್ಟಿಪ್ಲೆಕ್ಸ್ ಕೇಳಿ. ಅದರಲ್ಲೇ ಅಲ್ಫಾನ್ಸ್ ಕಾರ್ ಅನ್ನೋ ತಳಿ ಇದೆ. ಅದೂ ಹಳದಿ, ಅದಕ್ಕೂ ಹಸಿರು ಪಟ್ಟೆ. ಗಳ ಬೆರಳು ದಪ್ಪ ಅಷ್ಟೇ, ಎಲೆ ಒತ್ತೊತ್ತು. ಹೊಸ ಗಳಕ್ಕೆ ಬಿಸಿಲು ಬಿದ್ದರೆ ಗುಲಾಬಿ ಛಾಯೆ ಬರುತ್ತದೆ. ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ಕತ್ತರಿಸಿ ಇಟ್ಕೋಬಹುದು.

ಕೆಲಗೇರಿ ರಸ್ತೆ:
ಹಾವಿನ ಮಾತು ಸುಮ್ನೆ ತಳ್ಳಿಹಾಕಬೇಡಿ. ಒಣ ಎಲೆ ರಾಶಿ ಬಿದ್ದರೆ ಇಲಿ ಸೇರುತ್ತವೆ, ಇಲಿ ಹಿಂದೆ ಹಾವು. ವಾರಕ್ಕೊಮ್ಮೆ ಗುಡಿಸಿ, ಆ ಎಲೆ ಗೊಬ್ಬರದ ಗುಂಡಿಗೆ ಹಾಕಿ. ಎರೆ ಮಣ್ಣಾದರೆ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ ನೆಡಿ.

ನವನಗರದ ಹಿತ್ತಲು:
ಅಣ್ಣಾರೇ, ಅಲ್ಫಾನ್ಸ್ ಕಾರ್ ಅಂತಾನೇ ಕೇಳ್ತೀನಿ. ದೊಡ್ಡದರ ಆಸೆ ಬಿಡೋಕಾಗ್ತಿಲ್ಲ. ಹಾನಗಲ್ಲಿನ ತವರಿನ ಹೊಲದ ಬದುವಿಗೆ ಹಾಕಿದರೆ? ಮುಂದೆ ಕಡಿಯೋಕೆ ಅರಣ್ಯದವರ ಪರವಾನಗಿ ಬೇಕಾ?

ಶಿಗ್ಗಾಂವಿ ಸಸಿಗಾರ:
ಅಲ್ಲಿ ಧಾರಾಳ ಹಾಕಿ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯ್ದೆಯಲ್ಲಿ 2017ರಲ್ಲೇ ಮರಗಳ ಪಟ್ಟಿಯಿಂದ ತೆಗೆದಿದ್ದಾರೆ. ದುಡ್ಡು ಕೊಟ್ಟು ಸಸಿ ತರಬೇಕಂತಿಲ್ಲ. ಯಾರ ತೋಟದಲ್ಲಾದರೂ ಇದ್ದರೆ, ಬಲಿತ ಗಳದ ಎರಡು ಗೆಣ್ಣಿನ ತುಂಡು ಕೇಳಿ ತಂದು ಮಳೆ ಶುರುವಾದಾಗ ಅಡ್ಡ ಹೂಳಿ. ಗೆಣ್ಣಿನ ಮೊಗ್ಗು ಒಣಗಿರಬಾರದು, ಅದನ್ನು ನೋಡಿ ತನ್ನಿ.