ಹೊಸನಗರ ಬ್ರಾಂಚ್‌ನಿಂದ ಶಿವಮೊಗ್ಗದ ಸರ್ವರ್‌ಗೆ: ಲೀಸ್ಡ್ ಲೈನೇ ಬೇಕಾ?

ಮಂಡಿ_ಲೆಕ್ಕ:
ನಮ್ದು ಅಡಿಕೆ ಮಂಡಿ, ಸರ್ವರ್ ಶಿವಮೊಗ್ಗದ ಆಫೀಸಲ್ಲಿದೆ, ಹೊಸನಗರದ ಬ್ರಾಂಚಲ್ಲಿ ಎರಡು ಕಂಪ್ಯೂಟರ್. ಎರಡೂ ಕಡೆ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್, ಅದರ ಮೇಲೆ ವಿಪಿಎನ್ (ಎರಡು ಆಫೀಸಿನ ಮಧ್ಯೆ ಇಂಟರ್ನೆಟ್ ಮೇಲೇ ಗುಪ್ತ ದಾರಿ) ಹಾಕಿ ಸರ್ವರ್ ಫೋಲ್ಡರನ್ನೇ ಇಲ್ಲಿನ ಡ್ರೈವ್ ಥರ ಮ್ಯಾಪ್ ಮಾಡ್ಕೊಂಡು ಲೆಕ್ಕದ ಸಾಫ್ಟ್‌ವೇರ್ ಓಪನ್ ಮಾಡ್ತೀವಿ. ಒಂದು ಬಿಲ್ ಸೇವ್ ಆಗೋಷ್ಟ್ರಲ್ಲಿ ಅಡಿಕೆ ತಂದೋರು ಕಾಫಿ ಕುಡ್ದು ವಾಪಸ್ ಬಂದಿರ್ತಾರೆ, ಮಳೆ ಹಿಡಿದ್ರಂತೂ ಮಧ್ಯದಲ್ಲೇ ಕಟ್. ಲೀಸ್ಡ್ ಲೈನ್ (ನಮಗೇ ಮೀಸಲಾದ ಬಾಡಿಗೆ ಲೈನ್) ರೇಟ್ ಕೇಳಿ ತಲೆ ತಿರುಗ್ತು. ಹಾಕ್ಸೋದಾ ಬೇಡ್ವಾ?

ಸಾಗರ_ನೆಟ್:
ಸದ್ಯಕ್ಕೆ ಬೇಡ ಮಾರಾಯ್ರೆ. ಫೈಲನ್ನೇ ಲೈನ್ ಮೇಲೆ ಓಪನ್ ಮಾಡಿದ್ರೆ ಒಂದು ಎಂಟ್ರಿಗೆ ನೂರಾರು ಸಲ ಸರ್ವರ್‌ಗೆ ಹೋಗಿ ಬರ್ಬೇಕು, ಆಫೀಸ್ ಒಳಗಿನ ಕೇಬಲ್ಲಲ್ಲಿ ಹೋಗಿಬರೋಕೆ 1 ಮಿಲಿಸೆಕೆಂಡೂ ಬೇಡ, ಬ್ರಾಡ್‌ಬ್ಯಾಂಡಲ್ಲಿ 40-50 ಆದ್ರೆ ನೀವೇ ಲೆಕ್ಕ ಹಾಕಿ. ಲೀಸ್ಡ್ ಲೈನ್ ಹಾಕ್ಸಿದ್ರೂ ಈ ಓಡಾಟ ಪೂರ್ತಿ ತಪ್ಪಲ್ಲ, ಜೊತೆಗೆ ಸೇವ್ ಆಗ್ತಿರುವಾಗ ಲೈನ್ ಹೋದ್ರೆ ಡೇಟಾನೇ ಕೆಡಬಹುದು. ರಿಮೋಟ್ ಡೆಸ್ಕ್‌ಟಾಪ್ ಹಾಕಿ. ಪ್ರೋಗ್ರಾಂ ಶಿವಮೊಗ್ಗದಲ್ಲೇ ಓಡುತ್ತೆ, ಲೈನ್ ಮೇಲೆ ಬರೋದು ಬರೀ ಸ್ಕ್ರೀನು, ಹೋಗೋದು ಕೀಬೋರ್ಡ್ ಮೌಸು. ಲೈನ್ ಹೋದ್ರೂ ಬಿಲ್ ಅಲ್ಲೇ ಅರ್ಧ ತೆರೆದಿರುತ್ತೆ, ಮತ್ತೆ ಕನೆಕ್ಟ್ ಆದ್ಮೇಲೆ ಮುಂದುವರ್ಸಿ. ಇಬ್ಬರು ಒಟ್ಟಿಗೆ ಕೂರೋದಾದ್ರೆ ವಿಂಡೋಸ್ ಸರ್ವರ್ರೂ ಅದರ ರಿಮೋಟ್ ಲೈಸೆನ್ಸೂ ಬೇಕು, ಆ ಖರ್ಚು ಇದೆ.

ಹಳೇ_ಮೋಡೆಮ್:
ಹಿಂದೆ 64 ಕೆಬಿಪಿಎಸ್ ಲೀಸ್ಡ್ ಲೈನಲ್ಲೇ ಇಡೀ ಬ್ರಾಂಚ್ ನಡೀತಿತ್ತು, ಕಪ್ಪು ಸ್ಕ್ರೀನಿನ ಟರ್ಮಿನಲ್ಲು, ಹೋಗ್ತಿದ್ದಿದ್ದು ಬರೀ ಅಕ್ಷರ. ಈಗಿನೋರಿಗೆ 10 ಎಂಬಿ ಇದ್ರೂ ಸಾಲಲ್ಲ!
ಇನ್ನೊಂದು, ಬ್ರಾಂಚಿಗೆ ಡೌನ್‌ಲೋಡ್ ಅಂದ್ರೆ ಶಿವಮೊಗ್ಗದ ಅಪ್‌ಲೋಡು, ಎಡಿಎಸ್‌ಎಲ್ (ಫೋನ್ ತಂತಿ ಮೇಲಿನ ಬ್ರಾಡ್‌ಬ್ಯಾಂಡ್) ಆದ್ರೆ ಅದು ಹೆಚ್ಚಂದ್ರೆ 1 ಎಂಬಿ ಆಸುಪಾಸು. ಅಲ್ಲಿ ಮೊದಲು ಫೈಬರ್ ಹಾಕ್ಸಿ. ಬ್ರಾಂಚಲ್ಲಿ ಲ್ಯಾಂಡ್‌ಲೈನ್ ಎತ್ತಿ ಕೇಳಿ, ಕರಕರ ಅಂತಿದ್ರೆ ತಂತಿಯ ಜಾಯಿಂಟಿಗೆ ನೀರು ಹೋಗಿದೆ. ಮೋಡೆಮ್ ಪೇಜಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡ್ಕೊಳ್ಳೋಕೆ ಸಿಗ್ನಲ್ಲಿಗೆ ಉಳಿದಿರೋ ಅವಕಾಶ) 6 ಡಿಬಿಗಿಂತ ಕೆಳಗಿದ್ರೆ ಕಟ್ ಆಗ್ತಾನೇ ಇರುತ್ತೆ.

ಮಂಡಿ_ಲೆಕ್ಕ:
ಕರಕರ ಅಲ್ಲ, ಹಂಚಿನ ಮೇಲೆ ಮಳೆ ಹೊಯ್ದಂಗಿದೆ 😄 ಬ್ರಾಂಚ್ ರಸ್ತೇಲೂ ಫೈಬರ್ ಬಂದಿದೆ. ಗುಡುಗು ಸಿಡಿಲಿಗೆ ತಡೆಯುತ್ತಾ? ಹೋದ ವರ್ಷ ಮೋಡೆಮ್ ಸುಟ್ಟಿತ್ತು.

ಸಾಗರ_ನೆಟ್:
ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ಫೋನ್ ತಂತಿಯಿಂದ ಬರೋ ಪೆಟ್ಟು ತಪ್ಪುತ್ತೆ. ಪ್ಲಗ್ ಕಡೆಯಿಂದ ಬರೋದಕ್ಕೆ ಅರ್ಥಿಂಗ್ ಸರಿ ಮಾಡ್ಸಿ. ಮರ ಬಿದ್ರೆ ಫೈಬರೂ ತುಂಡಾಗುತ್ತೆ, 4ಜಿ ಡಾಂಗಲ್ ಒಂದು ಇಟ್ಕೊಳ್ಳಿ, ಸ್ಕ್ರೀನ್ ಓಡ್ಸೋಕೆ ಅಷ್ಟು ಸಾಕು. ವಿಪಿಎನ್ ಮಾತ್ರ ತೆಗೀಬೇಡಿ, ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ನೇರ ಇಂಟರ್ನೆಟ್ಟಿಗೆ ಬಿಟ್ರೆ ಕಳ್ಳರು ಪಾಸ್‌ವರ್ಡ್ ತಡಕಾಡ್ತಾ ಕೂರ್ತಾರೆ.

ಮಂಡಿ_ಲೆಕ್ಕ:
ಸರಿ, ಒಂದು ಕಂಪ್ಯೂಟರಲ್ಲಿ ಟ್ರೈ ಮಾಡ್ತೀನಿ. ಬಿಲ್ ಪ್ರಿಂಟ್ ಎಲ್ಲಿ ಬರುತ್ತೆ, ಶಿವಮೊಗ್ಗದಲ್ಲಾ?

ಹಳೇ_ಮೋಡೆಮ್:
ಕನೆಕ್ಟ್ ಮಾಡೋ ಮುಂಚೆ ರಿಮೋಟ್ ಡೆಸ್ಕ್‌ಟಾಪ್ ವಿಂಡೋದ ಲೋಕಲ್ ರಿಸೋರ್ಸಸ್‌ನಲ್ಲಿ ಪ್ರಿಂಟರ್‌ಗೆ ಟಿಕ್ ಹಾಕಿ, ನಿಮ್ಮ ಟೇಬಲ್ ಮೇಲೇ ಬರುತ್ತೆ. ಹಳೇ ಡಾಟ್ ಮ್ಯಾಟ್ರಿಕ್ಸ್ ಆದ್ರೆ ಅದರ ಡ್ರೈವರ್ ಸರ್ವರಲ್ಲೂ ಹಾಕ್ಬೇಕಾಗ್ಬಹುದು.