ಸಹಾಯ ಬೇಕು: 72 ಪಿನ್ ಕ್ಯಾಸೆಟ್‌ಗೆ ಕನ್ವರ್ಟರ್ ಯಾರ ಹತ್ತಿರ ಇದೆ?

ನಮಸ್ಕಾರ. ಅಮೆರಿಕದಲ್ಲಿರುವ ಭಾವ ಹಳೇ ನಿಂಟೆಂಡೊ ವಿಡಿಯೋ ಗೇಮ್ ಕ್ಯಾಸೆಟ್ ಒಂದನ್ನು ತಂದುಕೊಟ್ಟಿದ್ದಾರೆ, 'ಯೋ! ನಾಯ್ಡ್'. ಡೊಮಿನೋಸ್ ಪಿಜ್ಜಾ ಜಾಹೀರಾತಿನಲ್ಲಿ ಬರುತ್ತಿದ್ದ, ಮೊಲದ ಕಿವಿಯ ಕೆಂಪು ಬಟ್ಟೆ ತೊಟ್ಟ ಕಿಲಾಡಿಯೇ ಇದರ ಹೀರೋ. ಜಪಾನಿನ ನಿಂಜಾ ಗೇಮ್ ಒಂದಕ್ಕೆ ವೇಷ ಬದಲಿಸಿ 1990ರಲ್ಲಿ ಕ್ಯಾಪ್‌ಕಾಮ್ ಇದನ್ನು ಅಮೆರಿಕದಲ್ಲಿ ಬಿಟ್ಟಿತ್ತು. ದುಡ್ಡು ಕೊಟ್ಟು ಜಾಹೀರಾತು ಆಡೋದು, ಚೆನ್ನಾಗಿದೆ ಅಲ್ವಾ!

ತೊಂದರೆ ಏನಂದರೆ ಇದು 72 ಪಿನ್ನಿನದು (ಪಿನ್ ಅಂದರೆ ಕ್ಯಾಸೆಟ್ ಬಾಯಲ್ಲಿರುವ ಲೋಹದ ಪಟ್ಟಿಗಳು). ನನ್ನ ಹಳೇ ಟಿವಿ ಗೇಮ್‌ಗೆ ಹಿಡಿಯೋದು 60 ಪಿನ್ನಿನದು ಮಾತ್ರ. ಕಾರವಾರ, ಅಂಕೋಲಾ, ಕುಮಟಾ ಕಡೆ ಯಾರ ಹತ್ತಿರವಾದರೂ 72 ಪಿನ್ನಿನದನ್ನು 60 ಪಿನ್ನಿಗೆ ಹೊಂದಿಸುವ ಕನ್ವರ್ಟರ್ ಇದೆಯಾ? ಶಿರಸಿಯಾದರೂ ಸರಿ, ಘಟ್ಟ ಹತ್ತಿ ಬರುತ್ತೇನೆ. ಕಂಪ್ಯೂಟರ್‌ನಲ್ಲಿ ಆಡು ಅನ್ನಬೇಡಿ, ಅದು ಗೊತ್ತಿದೆ. ಕ್ಯಾಸೆಟ್ ಹಾಕಿಯೇ ಆಡಬೇಕು. ಹಾಗೇ, ನಮ್ಮ ಉಪ್ಪುಗಾಳಿಗೆ ಪಿನ್ ಕಪ್ಪಾಗದಂತೆ ಏನು ಮಾಡುತ್ತೀರಿ, ಅದನ್ನೂ ತಿಳಿಸಿ.